ಒಪ್ಪಿಕೊಂಡ ಸಂಜೆ

ಯಾವ ಟಾಕೀಸಿಗೂ ಹೋಗದ ಪುಟ್ಟ ಸಿನಿಮಾಗಳನ್ನು ಊರಿನ ಕೆಲವರು ತಾವೇ ತೆಗೆದು, ಹಳೇ ಪ್ರೆಸ್ಸಿನ ಮಹಡಿಯಲ್ಲಿ ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ ತೋರಿಸುತ್ತಿದ್ದರು. ತೆಗೆಯುವವರಿಗೆ ನಿಯಮ ಒಂದೇ: ತಮ್ಮದೇ ಬದುಕಿನ, ಯಾರಲ್ಲೂ ಹೇಳಿಕೊಳ್ಳಲಾಗದ ಸತ್ಯವನ್ನೇ ತೆಗೆಯಬೇಕು. ಮೊದಲ ವಾರ ಏಳು ಜನ ಬಂದಿದ್ದರು. ವರ್ಷ ತುಂಬುವಷ್ಟರಲ್ಲಿ ಮೆಟ್ಟಿಲ ಮೇಲೂ ಜಾಗವಿರಲಿಲ್ಲ.

ಆ ಭಾನುವಾರ ವಿಶ್ವಂಭರನ ಸರದಿ. ಹೆಂಡತಿಗೆ ಹೊಡೆದ ಒಂದು ಸಂಜೆಯನ್ನು ಅವನು ಚಿತ್ರ ಮಾಡಿದ್ದ. ಅಂಗಿಗೆ ಇಸ್ತ್ರಿಯಾಗಿಲ್ಲವೆಂದು ಕೈ ಎತ್ತಿದ್ದು, ಅವಳು ಗೋಡೆಗೆ ಒರಗಿ ನಿಂತದ್ದು, ಮರುದಿನ ಏನೂ ಆಗದವಳಂತೆ ರೊಟ್ಟಿ ತಟ್ಟಿದ್ದು, ಎಲ್ಲವೂ ಇತ್ತು.

ದೀಪ ಹತ್ತಿದಾಗ ಅವನು ತಲೆ ತಗ್ಗಿಸಿ ನಿಂತಿದ್ದ. ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಇಷ್ಟು ಜನರೆದುರು ಒಪ್ಪಿಕೊಳ್ಳೋಕೆ ಗುಂಡಿಗೆ ಬೇಕು," ಎಂದರು ಒಬ್ಬ ಮೇಷ್ಟ್ರು.

"ಗುಂಡಿಗೆ ಅಲ್ಲ ಸರ್, ನಾಚಿಕೆ. ಹನ್ನೊಂದು ವರ್ಷದಿಂದ ಆ ಒಂದು ಏಟು ನನ್ನನ್ನ ಸುಡ್ತಾ ಇದೆ," ಎಂದ. ಚಪ್ಪಾಳೆ ಬಿತ್ತು. ನಾಚಿಕೆಯ ನಡುವೆಯೇ ಅವನಿಗೆ ಮೈ ಹಗುರಾದಂತಾಯಿತು.

ಅವನ ಹೆಂಡತಿ ಕುಮುದಾ ಕೊನೆಯ ಸಾಲಿನಲ್ಲಿ ಕೂತಿದ್ದಳು. ಅವಳೂ ಚಿತ್ರವನ್ನು ನೋಡಿದ್ದು ಅಂದೇ ಮೊದಲು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಮೈಕನ್ನು ಅವಳತ್ತ ಚಾಚಿದಳು.

"ಅಕ್ಕಾ, ಅವರ ಆ ಏಟನ್ನ ನೀವು ಕ್ಷಮಿಸಿದ್ರಾ?"

ಕುಮುದಾ ಗಂಡನ ಕಡೆ ನೋಡಿದಳು. ಅವನು ಮುಖ ಎತ್ತಲಿಲ್ಲ.

"ಇದು ಯಾವ ಸಲದ್ದು ಅಂತಾನೇ ನನಗೆ ನೆನಪಾಗ್ತಾ ಇಲ್ಲಮ್ಮ," ಎಂದಳು.