ಊಟ ಆತೇನ್ರಿ

ಗದಗದಿಂದ ಮೈಸೂರಿಗೆ ಬಂದ ಮಹಾನಂದಾಳಿಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಿತ್ತು, ಡಿಗ್ರಿ ಇರಲಿಲ್ಲ. ಹೋದಲ್ಲೆಲ್ಲ ಅದನ್ನೇ ಕೇಳಿ ವಾಪಸ್ ಕಳಿಸುತ್ತಿದ್ದರು. ಸಂಜೆ ರೂಮಿಗೆ ಬಂದು, ಕೆಲಸ ಹುಡುಕಿಕೊಡುವ ಆ್ಯಪ್‌ನ ಸಹಾಯದ ಚಾಟಿಗೆ ಬರೆಯುತ್ತಿದ್ದಳು. ಉತ್ತರಿಸುವುದು ಯಂತ್ರ ಎಂದು ಅಲ್ಲೇ ಹಾಕಿದ್ದರು. ಊರಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದ ಮಾತನ್ನು ಇಲ್ಲಿ ಕೇಳಲು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಮುಗಿಸುವ ಮುಂಚೆ ಅದನ್ನೇ ಕೇಳುತ್ತಿದ್ದಳು.

"ಊಟ ಆತೇನ್ರಿ?"

"ನಾನು ಯಂತ್ರ. ನನಗೆ ಊಟವಿಲ್ಲ."

ಒಂದು ಸಂಜೆ ಆ ಉತ್ತರ ಬರಲು ತುಂಬ ಹೊತ್ತಾಯಿತು. ಬಂದಾಗ ಜೊತೆಗೊಂದು ವಿಳಾಸವಿತ್ತು. "ಇಲ್ಲಿ ಡಿಗ್ರಿ ಕೇಳುವುದಿಲ್ಲ. ನಾಡಿದ್ದು ಹೋಗಿ ನೋಡಿ."

ಅದು ಆ್ಯಪ್‌ನವರದೇ ಆಫೀಸು. ಮ್ಯಾನೇಜರ್ ಅವಳ ಟೈಪಿಂಗ್ ನೋಡಿ ಒಂದು ಖಾಲಿ ಕುರ್ಚಿ ತೋರಿಸಿದರು.

"ಚಾಟಲ್ಲಿ ಕೇಳಿದೋರಿಗೆಲ್ಲ ನೀವು ಉತ್ತರ ಬರೀಬೇಕು. ಜನ ಯಂತ್ರ ಅಂದ್ಕೊಂಡಿರ್ತಾರೆ, ಹಾಗೇ ಇರ್ಲಿ."

ಅವಳು ಕೂರದೆ ನಿಂತೇ ಇದ್ದಳು.

"ಮೊದಲ ಇಲ್ಲಿ ಇದ್ದವ್ರು ಎಲ್ಲಿ ಹೋದ್ರು ಸರ್?"

"ನಿನ್ನೆ ಕೆಲಸ ಬಿಟ್ರು, ಎಲ್ಲಿಗೆ ಅಂತ ಹೇಳ್ಲಿಲ್ಲ. ಯಾರೋ ದಿನಾ ಊಟ ಆತೇನ್ರಿ ಅಂತ ಕೇಳ್ತಾರಂತೆ, ಅವರಿಗೆ ಇನ್ನು ಸುಳ್ಳು ಹೇಳೋಕಾಗಲ್ಲ ಅಂದ್ರು."