ಸೀಸದ ಅಕ್ಷರ

ಗೋಡೆಗೆ ತೂಗುಹಾಕಿದ್ದ ತನ್ನದೇ ದೊಡ್ಡ ಫೋಟೋದಲ್ಲಿ ವಸಂತಿಗೆ ಮೊದಲು ಕಂಡದ್ದು ಮುಖವಲ್ಲ, ಬಲ ಹೆಗಲ ಮೇಲಿದ್ದ ಸೆರಗು. ಸೀರೆ ಉಡಲು ಕಲಿತ ದಿನದಿಂದ ಅದು ಎಡ ಹೆಗಲು ಬಿಟ್ಟು ಕದಲಿರಲಿಲ್ಲ.

ಪಕ್ಕದಲ್ಲಿ ಫೋಟೋಗ್ರಾಫರ್ ವಿಕ್ರಂ, ಗೋರೆಗಾಂವ್‌ನ ಆ ಫೋಟೋ ಪ್ರದರ್ಶನದ ಹಾಲ್‌ಗೆಲ್ಲ ಕೇಳುವಂತೆ ಭಾಷಣ ಬಿಗಿಯುತ್ತಿದ್ದ. "ಇಷ್ಟು ದೊಡ್ಡ ಕ್ಯಾಮೆರಾಕ್ಕೆ ಅಸಲಿ ಫಿಲ್ಮ್ ತಗೊಂಡ್ರೆ ಕಿಸೆ ಖಾಲಿ. ಅದಕ್ಕೇ ಎಕ್ಸ್‌ರೇ ಫಿಲ್ಮ್ ಹಾಕಿದೆ. ಸಸ್ತಾ, ಆದ್ರೆ ಡಿಜಿಟಲ್ ಥರ ಸುಳ್ಳು ಹೇಳಲ್ಲ. ಈ ಆಂಟಿ ಚೆಂಬೂರಿನ ಆಸ್ಪತ್ರೇಲಿ ಮೂವತ್ತು ವರ್ಷ ಎಕ್ಸ್‌ರೇ ಬಟನ್ ಒತ್ತಿದವರು. ಬಸ್, ಒತ್ತೋದಷ್ಟೇ. ಅದ್ರಲ್ಲಿ ಆರ್ಟ್ ಇದೆ ಅಂತ ಅವ್ರಿಗೆ ಗೊತ್ತೇ ಇರ್ಲಿಲ್ಲ."

ಜನ ನಕ್ಕರು. ವಸಂತಿ ನಗಲಿಲ್ಲ. ಎಕ್ಸ್‌ರೇ ಫಿಲ್ಮಿಗೆ ಎರಡೂ ಕಡೆ ಚಿತ್ರ ಮೂಡುವ ಲೇಪವಿರುತ್ತದೆ. ಮಗುಚಿಟ್ಟು ಪ್ರಿಂಟ್ ಹಾಕಿದರೂ ಚಿತ್ರ ಚೆನ್ನಾಗಿಯೇ ಬರುತ್ತದೆ, ಎಡಬಲ ಮಾತ್ರ ಅದಲುಬದಲು. ಅವಳ ಕೆಲಸದಲ್ಲಿ ಹಾಗಾದರೆ ಡಾಕ್ಟರು ನೆಟ್ಟಗಿದ್ದ ಕಾಲನ್ನೇ ಕೊಯ್ದಾರು. ಅವಳ ಕೈಯಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ಈ ಮಹಾಶಯನೋ, ಎದುರಿಗಿದ್ದ ಸೆರಗನ್ನೇ ನೋಡಲಾರದೆ ಸತ್ಯ ಬೋಧಿಸುತ್ತಿದ್ದ. ಅವಳು ಪರ್ಸಿನಿಂದ ಸೀಸದ ಪುಟ್ಟ 'ಎಲ್' ಅಕ್ಷರ ತೆಗೆದಳು. ಎಕ್ಸ್‌ರೇ ತೆಗೆಯುವಾಗ ರೋಗಿಯ ಎಡಭಾಗಕ್ಕೆ 'ಲೆಫ್ಟ್' ಎಂಬ ಗುರುತಾಗಿ ಇಡುತ್ತಿದ್ದದ್ದು. ನಿವೃತ್ತಿಯ ದಿನ ಬಿಟ್ಟುಬರಲು ಮನಸ್ಸಾಗಿರಲಿಲ್ಲ.

"ನನ್ನ ಸೆರಗು ಯಾವ ಹೆಗಲಲ್ಲುಂಟು, ಫೋಟೋದಲ್ಲಿ ಯಾವ ಹೆಗಲಲ್ಲುಂಟು, ಒಮ್ಮೆ ನೋಡು ಮಾರಾಯ," ಎಂದಳು. "ಇನ್ನು ಇದು ನಿನಗಿರಲಿ. ಎಡಗೈ ಕೊಡು." ವಿಕ್ರಂ ಫೋಟೋ ನೋಡಿದ, ಅವಳ ಹೆಗಲು ನೋಡಿದ, ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಆಮೇಲೆ ತಬ್ಬಿಬ್ಬಾಗಿ ಬಲಗೈ ಚಾಚಿದ.