ಟೀಚರಮ್ಮ ಗಂಡನನ್ನು ಹಿಡಿದದ್ದು

ಗಂಡ ಮೂಲೆ ತಿರುಗುವವರೆಗೆ ಮರದ ಮರೆಯಲ್ಲಿ ನಿಂತಿದ್ದು, ಟೀಚರಮ್ಮ ಸರಕ್ಕನೆ ರಸ್ತೆ ದಾಟಿದಳು. ಸ್ಕೂಟರಿನವನೊಬ್ಬ ಕಿರ್ರನೆ ಬ್ರೇಕ್ ಹಾಕಿ ಏನೋ ಬೈದ. ಅವಳು ತಿರುಗಿಯೂ ನೋಡಲಿಲ್ಲ. ಗಾಡಿ ಓಡಿಸಲು ಬಾರದವರೆಲ್ಲ ರಸ್ತೆಗೆ ಇಳಿದುಬಿಟ್ಟಿದ್ದಾರೆ.

ಎಂಟು ತಿಂಗಳಿಂದ ಈ ಮನುಷ್ಯ ಗುರುವಾರ ಸಂಜೆ ಐದಕ್ಕೇ ಅಂಗಡಿ ಮುಚ್ಚುತ್ತಿದ್ದ. ವಾಚ್ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಲೋಕವೇ ಮುಳುಗಿದರೂ ಏಳದ ಆಸಾಮಿ. ಅಂಥವನು ಗುರುವಾರ ಬಂತೆಂದರೆ "ಸ್ವಲ್ಪ ಕೆಲಸ ಇದೆ" ಎಂದು ಹೊರಟುಬಿಡುತ್ತಿದ್ದ. ಕೆಲಸವಂತೆ! ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಫೋನಿನಲ್ಲಿ ಪಿಸುಗುಟ್ಟಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. "ಇವತ್ತೂ ಹಾಗೇ ಆಯ್ತು. ನಿಮ್ಮನ್ನ ಬಿಟ್ರೆ ಯಾರ ಹತ್ರ ಹೇಳ್ಕೊಳ್ಳಲಿ?" ಮನೆಗೆ ಬಂದಾಗ ಕಣ್ಣು ಕೆಂಪಗಿರುತ್ತಿತ್ತು.

ಈ ವಯಸ್ಸಿನಲ್ಲಿ, ಈ ಮುಖಕ್ಕೆ, ಯಾವಳು ಸಿಕ್ಕಳೋ.

ಇಪ್ಪತ್ತಾರು ವರ್ಷ ಲೆಕ್ಕ ಕಲಿಸಿದವಳು ಅವಳು. ಬೋರ್ಡಿನ ಕಡೆ ತಿರುಗಿ ನಿಂತೇ ಕಾಪಿ ಹೊಡೆಯುವವರನ್ನು ಹಿಡಿದವಳು. ಇವನ ಆಟ ಯಾವ ಮಹಾ? ಈಗ ಹೇಗೂ ರಜೆ. "ಆರೋಗ್ಯ ನೋಡ್ಕೊಳ್ಳಿ ಮೇಡಂ" ಎಂದು ಬಾಯಲ್ಲಿ ಜೇನು ಸುರಿಸುತ್ತ ಹೆಡ್‌ಮಾಸ್ತರನೇ ಒತ್ತಾಯದಿಂದ ಕೊಟ್ಟ ರಜೆ. ಎಂಟನೇ ಕ್ಲಾಸಿನ ತಾಯಂದಿರು ಏನೋ ಚಾಡಿ ಹೇಳಿದ್ದರಂತೆ. ಅವನದೋ ಹಿತ್ತಾಳೆ ಕಿವಿ. ಸ್ವಂತ ಮಗಳೂ ಅಷ್ಟೇ. ಕೂಸನ್ನು ಅಜ್ಜನ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾಳೆ, ಅಜ್ಜಿಯ ಮಡಿಲಿಗೆ ಹಾಕುವುದಿಲ್ಲ. ಅಪ್ಪ ಅಷ್ಟು ಚೆನ್ನಾಗಿ ಕಿವಿ ಊದಿದ್ದಾನೆ.

ಓಣಿಯೊಳಗೆ ಹೋಗಿ ನೋಡಿದರೆ ಅವನಿಲ್ಲ. ಕ್ಷೌರದ ಅಂಗಡಿಯೊಂದು ತೆರೆದಿತ್ತು.

"ಈಗ ಹೋದ್ರಲ್ಲ, ಬೂದು ಅಂಗಿಯವರು, ಯಾವ ಕಡೆ?"

ಕ್ಷೌರಿಕ ಗಿರಾಕಿಯ ಕೆನ್ನೆಯಿಂದ ಕತ್ತಿ ತೆಗೆದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ದನಿ ಮೆತ್ತಗಾಯಿತು. "ಮೀಟಿಂಗಿಗಾ ಅಮ್ಮಾ? ಆ ಸೈಕಲ್ ಅಂಗಡಿ ಮೇಲೆ. ಸಂಕೋಚ ಬೇಡ, ಎಂಥೆಂಥವ್ರೋ ಬರ್ತಾರೆ."

"ಯಾವ ಮೀಟಿಂಗು?"

"ಅದೇ, ಕುಡಿತ ಬಿಡೋರ್ದು. ಮೆಟ್ಟಿಲು ನೋಡ್ಕೊಂಡು ಹತ್ತಿ."

ಅವಳಿಗೆ ನಗು ಉಕ್ಕಿ ಬಂತು. ಹೆಣ್ಣಲ್ಲ, ಹೆಂಡ! ಎಷ್ಟು ಸಲೀಸಾಗಿ ಎಲ್ಲ ಬಿಡಿಸಿಕೊಂಡಿತು. ಆ ಕೆಂಪು ಕಣ್ಣು. ತಾನಿಲ್ಲದಾಗ ಅವನು ಬೀರುವಿನ ಸಂದಿ, ಅಕ್ಕಿ ಡಬ್ಬದ ಹಿಂದೆಲ್ಲ ಕೈಯಾಡಿಸುತ್ತಿದ್ದುದು. ಕಾರಿನ ಕೀಲಿಯನ್ನು ಬಚ್ಚಿಟ್ಟು, ಕೇಳಿದರೆ ಕಲ್ಲಿನಂತೆ ಕೂರುತ್ತಿದ್ದುದು. ಡಿಕ್ಕಿಯೊಳಗೇ ಸರಕು ಇರಬೇಕು. ಹೋದ ತಿಂಗಳು ಅವಳ ಹುಬ್ಬಿನ ಮೇಲಿನ ಗಾಯ ನೋಡಿ ಪಕ್ಕದ ಮನೆಯಾಕೆ "ಏನಾಯ್ತು?" ಎಂದಾಗ ತಲೆ ತಗ್ಗಿಸಿ ಒಳಗೆ ನುಸುಳಿದವನು ಇವನೇ ತಾನೇ?

ಹೇಡಿ. ಕುಡಿಯುವುದಕ್ಕೂ ಎದೆಗಾರಿಕೆ ಇಲ್ಲ. ಬಿಡುವುದಕ್ಕೂ ಹತ್ತು ಜನರ ಕೈ ಹಿಡಿದುಕೊಳ್ಳಬೇಕು.

ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಗಂಟಲು ಒಣಗಿತು. ತಿರುವಿನಲ್ಲಿ ಗೋಡೆಗೊರಗಿ, ಚೀಲದಿಂದ ನೀರಿನ ಬಾಟಲಿ ತೆಗೆದು ಎರಡು ಗುಟುಕು ಇಳಿಸಿದಳು. ಒಂದು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡಳು. ಈಗ ಧೈರ್ಯ ಬಂತು.

ಮೇಲೆ ಉದ್ದನೆಯ ಪಡಸಾಲೆ. ಎದುರುಬದುರು ಎರಡು ಕೋಣೆ. ನಡುವೆ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಕಡ್ಡಿಯಂಥ ಮುದುಕಿಯೊಬ್ಬಳು ಕೂತಿದ್ದಳು. ಬಲಗಡೆ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಡಚುವ ಕುರ್ಚಿಗಳ ಮೇಲೆ ಏಳೆಂಟು ಮಂದಿ. ಒಬ್ಬ ಬಸ್ ಡ್ರೈವರನ ಸಮವಸ್ತ್ರದಲ್ಲೇ ಬಂದಿದ್ದ. ಕಾಲೇಜು ಹುಡುಗಿಯೊಬ್ಬಳು ಮೂಗು ಒರೆಸಿಕೊಳ್ಳುತ್ತಿದ್ದಳು. ಥೂ, ಈ ವಯಸ್ಸಿಗೇ! ಅವರ ನಡುವೆ ಬೂದು ಅಂಗಿಯ ಬಾಗಿದ ಬೆನ್ನು.

"ಬನ್ನಿ ಅಮ್ಮಾ, ಕೂತ್ಕೊಳ್ಳಿ" ಎಂದಳು ಮುದುಕಿ.

"ಕೂರೋಕೆ ಬಂದಿಲ್ಲ. ನಮ್ಮ ಯಜಮಾನ್ರನ್ನ ಎಳ್ಕೊಂಡು ಹೋಗೋಕೆ ಬಂದಿದೀನಿ." ದನಿ ಅವಳಿಗೇ ಹೆಚ್ಚಾಯಿತೆನಿಸಿತು. ಆಗಲಿ, ಎಲ್ಲರೂ ಕೇಳಲಿ. "ಅಗೋ, ವಾಚ್ ರಿಪೇರಿಯೋರು. ಇಪ್ಪತ್ತೆಂಟು ವರ್ಷ ಕುಡುಕನ ಜೊತೆ ಸಂಸಾರ ಮಾಡಿದೀನಿ ಅಂತ ಇವತ್ತು ಗೊತ್ತಾಯ್ತು ನನಗೆ! ಒಂದಿನ ಬಾಯಿ ಬಿಟ್ಟು ಹೇಳಿದ್ರಾ ಕೇಳಿ ಅವರನ್ನ!"

ಗಂಡ ತಿರುಗಿ ನೋಡಿದ, ಮೆಲ್ಲಗೆ ಎದ್ದು ನಿಂತ. ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ಟೀಚರಮ್ಮನಿಗೆ ಚೆನ್ನಾಗಿ ಗೊತ್ತು. ಇವನ ಮುಖ ಹಾಗಿರಲಿಲ್ಲ. ಕಳೆದುಹೋದವರು ಕಣ್ಣಿಗೆ ಬಿದ್ದಾಗ ಆಗುವಂತೆ ಮುಖ ಅರಳಿತ್ತು.

ಮುದುಕಿ ಎದ್ದು ಬಂದು ಅವಳ ಮೊಳಕೈಯನ್ನು ಮೆತ್ತಗೆ, ಆದರೆ ಬಿಗಿಯಾಗಿ ಹಿಡಿದುಕೊಂಡಳು.

"ಅದು ಮನೆಯವರು ಕೂರೋ ಕೋಣೆ ಅಮ್ಮಾ. ಕುಡಿಯೋರ್ದು ಈ ಕಡೆ. ಎಂಟು ತಿಂಗಳಿಂದ ಪ್ರತಿ ವಾರ ನಿಮ್ಮೆಜಮಾನ್ರೇ ಬಂದು, ನಿಮಗೆ ಅಂತ ಇಲ್ಲೊಂದು ಕುರ್ಚಿ ಹಾಕಿಟ್ಟು ಹೋಗ್ತಾರೆ."